ಗಣಕಯಂತ್ರಗಳ ನಡುವೆ ರಕ್ಷಾಪ್ರತಿಯ ಸಾಗಣೆ

ಹಸ್ತಪ್ರತಿಗಳ ಸೂಚಿಗಳೂ ಪಾಠಭೇದಗಳ ಪಟ್ಟಿಗಳೂ ಗಣಕಯಂತ್ರವನ್ನು ಸೇರಿರುವ ಈ ಕಾಲದಲ್ಲಿ, ಒಂದು ಯಂತ್ರ ಕೆಟ್ಟರೂ ಮತ್ತೊಂದರಲ್ಲಿ ಉಳಿದಿರಲೆಂದು ತೆಗೆದಿಡುವ ರಕ್ಷಾಪ್ರತಿ, ಅಂದರೆ ಬ್ಯಾಕಪ್, ಗ್ರಂಥಭಂಡಾರಗಳಿಗೂ ಅವಶ್ಯವಾಗಿದೆ. ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆಯ ಬಸದಿಯೊಂದರ ಗ್ರಂಥಸೂಚಿಯನ್ನು ಪಿಸಿಯಲ್ಲಿ ಸಿದ್ಧಪಡಿಸಿ, ದೂರದ ಸಂಸ್ಥೆಯ ಮಧ್ಯಮಗಾತ್ರದ ಗಣಕದಲ್ಲಿ ಅದರ ಪ್ರತಿಯನ್ನಿರಿಸಬೇಕಾಗಿ ಬಂದಿತೆಂದು ಭಾವಿಸಬಹುದು. ಆ ಪ್ರತಿ ಅವಿಕೃತವಾಗಿ ತಲುಪುವುದು ಹೇಗೆಂಬುದು ವಿಚಾರಣೀಯ.

ಪ್ರತಿಗೆ ಪ್ರತಿ ಮಾಡುವಾಗ ಒದಗುವ ಹಾನಿಯು ವಿದ್ವಾಂಸರಿಗೆ ಹೊಸದಲ್ಲ. ಮೂಡುಬಿದಿರೆಯ ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಉಳಿದುಬಂದ ಧವಲಾ ಟೀಕೆಯು ಕನ್ನಡ ಪ್ರತಿಯಾಗಿ ಸಹಾರನಪುರಕ್ಕೆ ಹೋಗಿ, ಅಲ್ಲಿ ನಾಗರಿಗಿಳಿದು, ಮತ್ತೆ ಹಲವು ಪ್ರತಿಗಳಾಯಿತು. ಇಂತಹ ಪ್ರತಿಗಳನ್ನಾಧರಿಸಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಷಟ್ಖಂಡಾಗಮದ ಪ್ರಥಮ ಸಂಪುಟ ಹೊರಬಂದಾಗ, ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದವಿರಲಿಲ್ಲ. ಅದು ಅಲ್ಲಿರಬೇಕೆಂದು ಸಂಪಾದಕರು ಸೂಚಿಸಿದ್ದರು. ಮುಂದೆ ಮೂಡುಬಿದಿರೆಯ ಓಲೆಗರಿಗಳೊಡನೆ ತಾಳೆನೋಡಿದಾಗ ಆ ಪದ ದೊರೆಯಿತು. ‘ಸಂಜದಾಸಂಜದ’ದ ಬೆನ್ನಿಗೇ ‘ಸಂಜದ’ ಬರುವುದರಿಂದ ಲಿಪಿಕಾರನ ಕಣ್ಣು ಜಾರುವುದು ಸುಲಭ. ಆ ಒಂದು ಪದಕ್ಕಾಗಿ ಪಂಡಿತರಲ್ಲಿ ದೀರ್ಘ ವಾದವೇ ನಡೆಯಿತು.

ಗಣಕಗಳಲ್ಲಿಯೂ ಲಿಪಿಭೇದದಂತಹ ಸಂಕೇತಭೇದವುಂಟು. ಐಬಿಎಂ ಕಂಪನಿಯು 1988ರಲ್ಲಿ ಹೊರತಂದ ಎಎಸ್/400 ಪ್ರಸಿದ್ಧವಾದ ಮಧ್ಯಮಗಾತ್ರದ ಗಣಕ. ಅದರ ಪರಂಪರೆಯ ವ್ಯವಸ್ಥೆ ‘ಐಬಿಎಂ ಐ’ ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿದೆ. ರೋಮನ್ ಲಿಪಿಯ ಮೊದಲ ದೊಡ್ಡಕ್ಷರಕ್ಕೆ ಪಿಸಿಯ ಆಸ್ಕಿ ಸಂಕೇತದಲ್ಲಿ 65 ಎಂಬ ಸಂಖ್ಯೆಯಿದ್ದರೆ, ಈ ಗಣಕದ ಎಬ್ಸಿಡಿಕ್ ಸಂಕೇತದಲ್ಲಿ 193. ಆದಕಾರಣ ಕಡತವನ್ನು ಸಾಗಿಸುವ ಎಫ್‌ಟಿಪಿ ವಿಧಾನದಲ್ಲಿ ಎರಡು ಕ್ರಮಗಳಿವೆ. ಪಠ್ಯಕ್ರಮದಲ್ಲಿ ಪ್ರತಿಯೊಂದು ಬೈಟನ್ನೂ ಅಕ್ಷರವೆಂದೇ ಬಗೆದು ಸಂಕೇತವನ್ನು ಬದಲಿಸಲಾಗುತ್ತದೆ. ಬೈನರಿ ಕ್ರಮದಲ್ಲಿ ಏನನ್ನೂ ಓದದೆ, ಬದಲಿಸದೆ, ಕಟ್ಟನ್ನು ಇದ್ದಂತೆಯೇ ಒಯ್ಯಲಾಗುತ್ತದೆ. ರಕ್ಷಾಪ್ರತಿಯೊಳಗೆ ಅಕ್ಷರಗಳಲ್ಲದೆ ಸಂಖ್ಯೆಗಳೂ ಯಂತ್ರದ ಆಂತರಿಕ ಗುರುತುಗಳೂ ಬೆರೆತಿರುತ್ತವೆ. ಅವನ್ನೂ ಅಕ್ಷರಗಳೆಂದು ತಿದ್ದಿದರೆ ಪ್ರತಿ ನಿರುಪಯೋಗಿಯಾಗುತ್ತದೆ. ಆದ್ದರಿಂದ ರಕ್ಷಾಪ್ರತಿಗೆ ಬೈನರಿ ಕ್ರಮವೊಂದೇ ಯುಕ್ತ.

ಎಎಸ್/400ರಲ್ಲಿ ರಕ್ಷಾಪ್ರತಿಯನ್ನಿರಿಸುವ ವಿಶೇಷ ಕಡತಕ್ಕೆ ‘ಸೇವ್ ಫೈಲ್’ ಎಂದು ಹೆಸರು. ಅದರ ಒಂದೊಂದು ದಾಖಲೆ 528 ಬೈಟುಗಳದು. ಅದನ್ನು ಪಿಸಿಗೆ ತಂದಿರಿಸಿ ಪುನಃ ಹಿಂದಿರುಗಿಸುವಾಗ, ಆ ಗಣಕದಲ್ಲಿ ಮೊದಲೇ ಬರಿದಾದ ಸೇವ್ ಫೈಲೊಂದನ್ನು ರಚಿಸಿಟ್ಟಿರಬೇಕು. ಇಲ್ಲವಾದರೆ ಬಂದ ಕಡತವು ಸಾಮಾನ್ಯ ದತ್ತಾಂಶದ ರೂಪವನ್ನು ತಾಳುವುದರಿಂದ, ಪುನಃಸ್ಥಾಪನೆಯ ಆಜ್ಞೆ ಅದನ್ನು ಸ್ವೀಕರಿಸದು. ಹಳೆಯ ಆವೃತ್ತಿಯ ಯಂತ್ರದಲ್ಲಿ ಬಿಚ್ಚಬೇಕಾಗಿದ್ದರೆ, ಪ್ರತಿ ತೆಗೆಯುವಾಗಲೇ ಆ ಆವೃತ್ತಿಯನ್ನು ಸೂಚಿಸಬೇಕು. ಪಿಸಿಯ ರಕ್ಷಾಪ್ರತಿಯಾದರೆ ಅದಕ್ಕೆ ಸೇವ್ ಫೈಲ್ ಬೇಕಿಲ್ಲ. ಪಿಸಿಯಲ್ಲಿರುವಂತಹ ಕಡತಗಳಿಗಾಗಿಯೇ ಇರುವ ಐಎಫ್‌ಎಸ್ ವಿಭಾಗದಲ್ಲಿ ಅದನ್ನು ಬೈನರಿಯಾಗಿ ಇರಿಸಿದರೆ ಸಾಕು.

ಗಾತ್ರ ಸರಿಯಿದ್ದ ಮಾತ್ರಕ್ಕೆ ಪ್ರತಿ ಶುದ್ಧವೆನ್ನಲಾಗದು. ಒಂದು ಬೈಟಿನ ಸ್ಥಾನದಲ್ಲಿ ಬೇರೊಂದು ಬಂದರೂ ಗಾತ್ರ ಬದಲಾಗದು. ಓಲೆಗಳ ಸಂಖ್ಯೆ ಸರಿಯಿದ್ದೂ ಪಾಠ ಕೆಟ್ಟಿರಬಹುದಷ್ಟೆ. ಆದ್ದರಿಂದ ಕಳುಹಿಸುವ ಮುನ್ನ ಒಮ್ಮೆ, ತಲುಪಿದ ಬಳಿಕ ಒಮ್ಮೆ, ಎಸ್‌ಎಚ್‌ಎ-256ರಂತಹ ಗಣಿತದಿಂದ ಕಡತದ ಮುದ್ರಾಂಕವನ್ನು ತೆಗೆದು ಹೋಲಿಸಬೇಕು. ಅನಂತರ ಮೂಲದ ಮೇಲಲ್ಲದೆ ಪ್ರತ್ಯೇಕ ಸ್ಥಳದಲ್ಲಿ ಅದನ್ನು ಬಿಚ್ಚಿ, ಕೆಲವು ದಾಖಲೆಗಳನ್ನಾದರೂ ಓದಿ ನೋಡಬೇಕು.

ಲಿಪ್ಯಂತರವೂ ಸಂಶೋಧನೆಯೂ ಅವಶ್ಯವಾದ ಕಾರ್ಯಗಳೇ. ಆದರೆ ಅವನ್ನು ಸಾಗಣೆಯಲ್ಲಿ ಬೆರೆಸದೆ, ಕಟ್ಟು ತಲುಪಿದ ಮೇಲೆ ಬೇರೊಂದು ಪ್ರತಿಯಲ್ಲಿ ನಡೆಸಬೇಕು. ಧವಲೆಯ ಪಾಠಶುದ್ಧಿ ಸಾಧ್ಯವಾದುದು ಮೂಡುಬಿದಿರೆಯ ಓಲೆಗಳು ಉಳಿದಿದ್ದುದರಿಂದ. ಹಾಗೆಯೇ, ಪ್ರತಿಯೊಂದನ್ನು ಬಿಚ್ಚಿ ಪರೀಕ್ಷಿಸುವವರೆಗೂ ಮೂಲ ಕಡತವನ್ನು ಅಳಿಸಕೂಡದು.