ಪರದೆ ಮೇಲೆ ಕಂಡಿದ್ದೆಲ್ಲ ಕೈಗೆ ಬರಲ್ಲ: ಪೈಥಾನ್ ‘ರಿಟರ್ನ್’ ಕಥೆ

ಶಿವಮೊಗ್ಗದಿಂದ ಮಾತಾಡ್ತಿದ್ದೀನಿ. ಪೈಥಾನ್ ಕಲಿಯೋಕೆ ಶುರು ಮಾಡಿದವರಲ್ಲಿ ತುಂಬಾ ಜನ ಎಡವೋ ಜಾಗ ಒಂದಿದೆ: ಪ್ರಿಂಟ್ ಮತ್ತು ರಿಟರ್ನ್. ನಾನೂ ಅಲ್ಲೇ ಎಡವಿದ್ದೆ, ಅದೂ ದುಡ್ಡಿನ ಲೆಕ್ಕದಲ್ಲಿ.

ಭದ್ರಾವತಿಯಲ್ಲಿ ನಮ್ಮ ಮಾವನದ್ದು ಸಣ್ಣ ದಿನಸಿ ಅಂಗಡಿ. ಉದ್ರಿ ಲೆಕ್ಕ ಕೂಡಿಸೋಕೆ ಅಂತ ಒಂದು ಫಂಕ್ಷನ್ ಬರೆದೆ. ಒಬ್ಬ ಗಿರಾಕಿಯ ಬಾಕಿ 120, 80, 250 ರೂಪಾಯಿ. ಫಂಕ್ಷನ್ ಕೊನೆಗೆ ಪ್ರಿಂಟ್ ಹಾಕಿದ್ದೆ. ಪರದೆ ಮೇಲೆ 450 ಅಂತ ಬಂತು. ಖುಷಿಯಾಯ್ತು. ಆದರೆ ಇಬ್ಬರು ಗಿರಾಕಿಗಳ ಬಾಕಿ ಒಟ್ಟು ಮಾಡೋಕೆ ಹೋದಾಗ ಟೈಪ್ ಎರರ್! ಯಾಕಂದ್ರೆ ಪ್ರಿಂಟ್ ಬರೀ ತೋರಿಸುತ್ತೆ. ರಿಟರ್ನ್ ಇಲ್ಲದ ಫಂಕ್ಷನ್ ವಾಪಸ್ ಕೊಡೋದು ‘ನನ್’. ನಮ್ಮ ‘ನನ್ನ’ ಅಲ್ಲ, ಇಂಗ್ಲಿಷಿನ ‘ಏನೂ ಇಲ್ಲ’. ಏನೂ ಇಲ್ಲದ್ದನ್ನ ಕೂಡಿಸೋದು ಹೇಗೆ?

ಭದ್ರಾವತಿಯವರಿಗೆ ಇದನ್ನ ಸುಲಭವಾಗಿ ಹೇಳಬಹುದು. 1923ರಲ್ಲಿ ಉತ್ಪಾದನೆ ಶುರುವಾದ ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಕಾರ್ಖಾನೆಯೇ ಫಂಕ್ಷನ್ ಅಂದುಕೊಳ್ಳಿ. ಒಳಗೆ ಹೋಗೋ ಅದಿರು ಆರ್ಗ್ಯುಮೆಂಟ್. ಕುಲುಮೆಯ ಬೆಳಕು ಪ್ರಿಂಟ್. ಗೇಟಿನಿಂದ ಹೊರಗೆ ಬರೋ ಕಬ್ಬಿಣ ರಿಟರ್ನ್. ಬೆಳಕು ನೋಡಬಹುದು, ಅದರಿಂದ ಸೇತುವೆ ಕಟ್ಟೋಕಾಗಲ್ಲ.

ಸರಿ, ಪ್ರಿಂಟ್ ತೆಗೆದು ರಿಟರ್ನ್ ಹಾಕಿದೆ. ವಾಪಸ್ ಬಂದದ್ದನ್ನ ‘ಬಾಕಿ’ ಅನ್ನೋ ವೇರಿಯೇಬಲ್‌ನಲ್ಲಿ ಇಟ್ಟುಕೊಂಡೆ. ಎರರ್ ಹೋಯ್ತು. ಭದ್ರಾವತಿಗೆ ಹೋಗಿ ತೋರಿಸಿದರೆ, ಅದೇ ಗಿರಾಕಿಯ ಬಾಕಿ 120 ಮಾತ್ರ. ಮಾವ ಪುಸ್ತಕ ತೆಗೆದು ಬೆರಳು ಮಡಚಿ ಎಣಿಸಿ, “ಅಲ್ಲ ಕಣೋ, ಉಳಿದ ಮುನ್ನೂರ ಮೂವತ್ತು ಎಲ್ಲಿಗೆ ಹೋಯ್ತು?” ಅಂದ್ರು.

ತಪ್ಪು ಇದ್ದದ್ದು ನಾಲ್ಕು ಸ್ಪೇಸಿನಲ್ಲಿ. ರಿಟರ್ನ್ ಸಾಲು ಫಾರ್ ಲೂಪಿನ ಒಳಗೆ ಕೂತಿತ್ತು. ರಿಟರ್ನ್ ಸಿಕ್ಕ ತಕ್ಷಣ ಫಂಕ್ಷನ್ ಅಲ್ಲಿಗೇ ಮುಗಿಯುತ್ತೆ. ಮೊದಲ ಬುಟ್ಟಿ ಅದಿರು ಕರಗಿದ ಕೂಡಲೇ ಕಾರ್ಖಾನೆ ಬಾಗಿಲು ಹಾಕಿದ ಹಾಗೆ. ಆ ಸಾಲನ್ನ ಎಡಕ್ಕೆ ಎಳೆದು ‘ಫಾರ್’ನ ನೇರಕ್ಕೆ ತಂದೆ, 450 ಬಂತು.

ಎರರ್ ಆದರೆ ಪೈಥಾನ್ ಬಾಯಿ ಬಿಟ್ಟು ಹೇಳುತ್ತೆ. ತಪ್ಪು ಉತ್ತರ ಕೊಟ್ಟಾಗ ಸುಮ್ಮನಿರುತ್ತೆ. ಅವತ್ತು ಮಾವ ಎಣಿಸದೇ ಇದ್ದಿದ್ದರೆ ನಷ್ಟ ಅವರದ್ದೇ. ಅದಕ್ಕೇ ಹೇಳೋದು, ಫಂಕ್ಷನ್ ಬರೆದ ಮೇಲೆ ಉತ್ತರ ಗೊತ್ತಿರೋ ಮೂರು ಅಂಕಿ ಕೊಟ್ಟು, ಕೈಲೆಕ್ಕದ ಜೊತೆ ತಾಳೆ ನೋಡಿ. ಆಮೇಲೆ ಬೇರೆಯವರ ಕೈಗೆ ಕೊಡಿ.