ಗುರುಗ್ರಹದ ಒಡಲಿನ ಶಾಖ

ಗುರುಗ್ರಹವು ಸೂರ್ಯನಿಂದ ಭೂಮಿಗಿಂತ ಐದು ಮಡಿಗೂ ಸ್ವಲ್ಪ ಹೆಚ್ಚು ದೂರದಲ್ಲಿದೆ. ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದೆಂಬ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಮುಂದಿನ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. ಭೂಮಿಯ ಬಳಿ ಒಂದು ಚದರ ಮೀಟರಿಗೆ ದೊರೆಯುವ ಬಿಸಿಲಿನ ಇಪ್ಪತ್ತೇಳರಲ್ಲಿ ಒಂದು ಪಾಲು ಮಾತ್ರ ಗುರುವಿಗೆ ದೊರೆಯುತ್ತದೆ. ಅದರಲ್ಲಿಯೂ ಗಣನೀಯವಾದ ಭಾಗವು ಮೋಡಗಳಿಂದ ಪ್ರತಿಫಲಿಸಿ ಹಿಂದಿರುಗುತ್ತದೆ. ಇಂತಹ ಬಡ ವರಮಾನದ ಗ್ರಹವು ಆದಾಯಕ್ಕೆ ತಕ್ಕಂತೆ ವೆಚ್ಚ ಮಾಡಬೇಕಲ್ಲವೆ? ಎಂದರೆ, ಹೀರಿಕೊಂಡಷ್ಟೇ ಶಾಖವನ್ನು ಅವಕೆಂಪು ಕಿರಣಗಳ ರೂಪದಲ್ಲಿ ಆಕಾಶಕ್ಕೆ ಮರಳಿಸಬೇಕು. ಗುರುವಿನ ಜಮಾಖರ್ಚು ಹಾಗಿಲ್ಲ. ಅದು ಪಡೆಯುವುದು ಒಂದಾದರೆ ಕೊಡುವುದು ಎರಡು.

ಈ ಸಂಗತಿಯ ಸುಳಿವು ದೊರೆತದ್ದು ೧೯೬೦ರ ದಶಕದಲ್ಲಿ, ಅಮೆರಿಕದ ಫ್ರಾಂಕ್ ಲೋ ಎಂಬ ವಿಜ್ಞಾನಿ ಗ್ರಹದ ಅವಕೆಂಪು ಕಿರಣಗಳನ್ನು ಅಳೆದಾಗ. ೧೯೭೩ರ ಡಿಸೆಂಬರಿನಲ್ಲಿ ಗುರುವಿನ ಬಳಿ ಹಾದುಹೋದ ಪಯೊನೀರ್-೧೦ ನೌಕೆಯು ಅದನ್ನು ದೃಢಪಡಿಸಿತು. ಮುಂದೆ ಶನಿಯತ್ತ ಸಾಗುತ್ತಿದ್ದ ಕ್ಯಾಸಿನಿ ನೌಕೆಯು ೨೦೦೦ದ ಕೊನೆಯಲ್ಲಿ ದಾರಿಯಲ್ಲಿಯೇ ಗುರುವನ್ನು ಅಳೆಯಿತು. ಆ ಅಳತೆಗಳನ್ನು ಪರಿಶೋಧಿಸಿ ೨೦೧೮ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗುರುವಿನ ಒಡಲಿನಿಂದ ಪ್ರತಿ ಚದರ ಮೀಟರಿಗೆ ಸುಮಾರು ೭.೫ ವಾಟ್ ಶಾಖ ಹೊರಬೀಳುತ್ತಿದೆ. ಇದು ಒಂದು ಸಣ್ಣ ಎಲ್‌ಇಡಿ ದೀಪ ಬಳಸುವ ವಿದ್ಯುತ್ತಿನಷ್ಟು. ಅಲ್ಪವೆಂದು ತೋರಿದರೆ, ನಮ್ಮ ಭೂಮಿಯ ಒಡಲಿನಿಂದ ಬರುವುದು ಚದರ ಮೀಟರಿಗೆ ೦.೦೯ ವಾಟ್ ಮಾತ್ರವೆಂಬುದನ್ನು ನೆನೆಯಬೇಕು.

ಈ ಶಾಖದ ಮೂಲವೇನು? ಸೂರ್ಯನಲ್ಲಿ ನಡೆಯುವ ಪರಮಾಣು ಬೀಜಗಳ ಬೆಸುಗೆ ಇಲ್ಲಿ ಅಸಾಧ್ಯ. ಗುರುವಿನ ತೂಕ ಭೂಮಿಯ ೩೧೮ರಷ್ಟಿದ್ದರೂ, ಅತ್ಯಂತ ಸುಲಭವಾಗಿ ಬೆಸೆಯುವ ಭಾರಜಲಜನಕವನ್ನು ಹೊತ್ತಿಸಬೇಕಾದರೂ ಅದು ಈಗಿರುವ ಸುಮಾರು ೧೩ ಪಟ್ಟು ಭಾರವಾಗಬೇಕಾಗಿತ್ತು. ಉತ್ತರ ಗ್ರಹದ ಜನ್ಮದಲ್ಲಿದೆ. ಮೇಲಿನಿಂದ ಬಿದ್ದ ಕಲ್ಲು ನೆಲಕ್ಕೆ ತಾಗಿದಾಗ ಅದರ ಚಲನೆ ಶಾಖವಾಗಿ ಮಾರ್ಪಡುತ್ತದೆಯಷ್ಟೆ. ಸುಮಾರು ೪೫೦ ಕೋಟಿ ವರ್ಷಗಳ ಹಿಂದೆ ಅಪಾರವಾದ ಅನಿಲರಾಶಿಯು ತನ್ನದೇ ಗುರುತ್ವದಿಂದ ಒಳಕ್ಕೆ ಕುಸಿದು ಗುರುವಾದಾಗಲೂ ಹಾಗೆಯೇ ಆಯಿತು. ಆ ಶಾಖವೇ ಇಂದಿಗೂ ಸೋರುತ್ತಿದೆ. ತಣಿದಷ್ಟೂ ಗ್ರಹ ತುಸು ಕುಗ್ಗುತ್ತದೆ. ಕುಗ್ಗಿದಷ್ಟೂ ಮತ್ತೆ ಶಾಖ ಹುಟ್ಟುತ್ತದೆ. ಸೂರ್ಯನ ಶಾಖವನ್ನು ವಿವರಿಸಲು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಮತ್ತು ಕೆಲ್ವಿನ್ ಮಂಡಿಸಿದ ವಾದವಿದು. ಸೂರ್ಯನಿಗೆ ಅದು ಸಾಲದೆ ಹೋಯಿತು, ಗುರುವಿಗೆ ಹೊಂದಿತು.

ಶಾಖವಿರುವುದು ಒಂದು ಮಾತು, ಅದು ಹೊರಬರುವುದು ಇನ್ನೊಂದು. ಶಾಖದ ಸಾಗಣೆಗೆ ಮೂರು ಮಾರ್ಗಗಳುಂಟೆಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ: ವಹನ, ಸಂವಹನ, ವಿಕಿರಣ. ಗುರುವಿನ ಒಳಗೆ ವಿಕಿರಣಕ್ಕೆ ಹೆಚ್ಚಿನ ಅವಕಾಶವಿಲ್ಲ. ಒತ್ತೊತ್ತಾದ ಅನಿಲವು ಕಿರಣಗಳ ಪಾಲಿಗೆ ಗೋಡೆಯಂತೆ. ಎಪ್ಪತ್ತು ಸಾವಿರ ಕಿಲೋಮೀಟರು ದಪ್ಪವನ್ನು ದಾಟಲು ವಹನಕ್ಕೆ ಗ್ರಹದ ಆಯುಷ್ಯವೇ ಸಾಲದು. ಉಳಿದದ್ದು ಸಂವಹನ. ದಾವಣಗೆರೆಗೆ ಅನತಿದೂರದ ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಬೆಳೆಯುವ ಈ ಸೀಮೆಯವರಿಗೆ ಸಂವಹನವನ್ನು ವಿವರಿಸುವುದು ಕಷ್ಟವಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ತಳದ ರಸ ಕಾದು ಹಗುರಾಗಿ ಮೇಲಕ್ಕೇರುತ್ತದೆ. ಮೇಲೆ ತಣಿದು ಭಾರವಾಗಿ ಅಂಚಿನಲ್ಲಿ ಇಳಿಯುತ್ತದೆ. ಬೆಂಕಿಯಿರುವುದು ಕೆಳಗೆ ಮಾತ್ರವಾದರೂ ಕೊಪ್ಪರಿಗೆಯೆಲ್ಲವೂ ಕುದಿಯುತ್ತದೆ. ಗುರುವಿನ ಆಳದಲ್ಲಿ ಈ ಪ್ರವಾಹಗಳ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರುಗಳೆಂದು ಅಂದಾಜು. ಇರುವೆಯ ನಡಿಗೆಯೆನ್ನಬಹುದು. ಆದರೆ ಹೊತ್ತೊಯ್ಯುವ ಹೊರೆ ದೊಡ್ಡದಾದ್ದರಿಂದ ಆ ನಡಿಗೆಯೇ ಸಾಕು.

ಈಗ ಗ್ರಹದೊಳಕ್ಕೆ ಇಳಿಯೋಣ. ಮೋಡಗಳ ನೆಲೆಯಲ್ಲಿ, ಒತ್ತಡವು ನಮ್ಮ ವಾಯುಮಂಡಲದಷ್ಟೇ ಇರುವಲ್ಲಿ, ಉಷ್ಣತೆ ಸೊನ್ನೆಗಿಂತ ೧೦೮ ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಲ್ಲಿಂದ ಕೆಳಗೆ ಹೋದಂತೆ ಅನಿಲವು ಅದುಮಲ್ಪಟ್ಟು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದೂ ಇದೇ ಕಾರಣಕ್ಕೆ. ನಿಲ್ಲಲು ನೆಲವೆಂಬುದು ಎಲ್ಲಿಯೂ ಇಲ್ಲ. ಅನಿಲವು ಮೇರೆಯೇ ಇಲ್ಲದೆ ಮೆಲ್ಲಮೆಲ್ಲನೆ ದ್ರವವಾಗುತ್ತದೆ. ಒತ್ತಡವು ಹತ್ತು ಲಕ್ಷ ವಾಯುಮಂಡಲಗಳನ್ನು ಮೀರಿದಾಗ ಇನ್ನೂ ವಿಚಿತ್ರವಾದ ಮಾರ್ಪಾಟಾಗುತ್ತದೆ: ಜಲಜನಕದ ಎಲೆಕ್ಟ್ರಾನುಗಳು ತಮ್ಮ ಪರಮಾಣುಗಳ ಹಿಡಿತದಿಂದ ಬಿಡಿಸಿಕೊಂಡು ಅಲೆಯತೊಡಗುತ್ತವೆ. ಎಂದರೆ ಜಲಜನಕವು ಲೋಹವಾಗುತ್ತದೆ. ಹೀಗಾಗಬಹುದೆಂದು ವಿಗ್ನರ್ ಮತ್ತು ಹಂಟಿಂಗ್‌ಟನ್ ೧೯೩೫ರಲ್ಲಿಯೇ ಗಣಿಸಿದ್ದರು. ೧೯೯೬ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ ದ್ರವ ಜಲಜನಕವನ್ನು ೧೪ ಲಕ್ಷ ವಾಯುಮಂಡಲಗಳ ಒತ್ತಡಕ್ಕೆ ಗುರಿಪಡಿಸಿದಾಗ ಅದು ಲೋಹದಂತೆ ವಿದ್ಯುತ್ತನ್ನು ಹರಿಸಿತು. ಗುರುವಿನ ಪ್ರಬಲವಾದ ಕಾಂತಕ್ಷೇತ್ರ ಹುಟ್ಟುವುದು ಈ ದ್ರವಲೋಹದ ಸಂವಹನದಿಂದಲೇ. ಆ ಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳು ಸುಮಾರು ೪೦ ಮೆಗಾಹರ್ಟ್ಸ್‌ವರೆಗಿನ ರೇಡಿಯೋ ಅಲೆಗಳನ್ನು ಹೊಮ್ಮಿಸುತ್ತವೆ. ನಮ್ಮ ಗೌರಿಬಿದನೂರಿನಲ್ಲಿ ಕಟ್ಟಿದ ರೇಡಿಯೋ ದೂರದರ್ಶಕದ ೩೪.೫ ಮೆಗಾಹರ್ಟ್ಸ್ ಈ ಮೇರೆಯೊಳಗೇ ಬರುತ್ತದೆ. ಇನ್ನೂ ಒಳಗೆ, ಕೇಂದ್ರದ ಬಳಿ, ಒತ್ತಡ ನಾಲ್ಕು ಕೋಟಿ ವಾಯುಮಂಡಲಗಳ ಆಸುಪಾಸು, ಉಷ್ಣತೆ ಇಪ್ಪತ್ತು ಸಾವಿರ ಡಿಗ್ರಿಗಳ ಆಸುಪಾಸು ಎಂದು ಗಣನೆ.

ಇದುವರೆಗಿನದು ಸುಸೂತ್ರವಾದ ಕಥೆ. ತೊಡಕು ತೋರಿದ್ದು ಶನಿಯಲ್ಲಿ. ಶನಿಯು ಗುರುವಿನಂತೆಯೇ ತಣಿಯುತ್ತ ಬಂದಿದ್ದರೆ ಇಷ್ಟು ಹೊತ್ತಿಗೆ ಬಹಳ ಮಂಕಾಗಿರಬೇಕಿತ್ತು; ಆದರೆ ಅದು ಇನ್ನೂ ಧಾರಾಳವಾಗಿ ಶಾಖವನ್ನು ಚೆಲ್ಲುತ್ತಿದೆ. ಸ್ಟೀವನ್‌ಸನ್ ಮತ್ತು ಸಾಲ್ಪೀಟರ್ ೧೯೭೭ರಲ್ಲಿ ಸೊಗಸಾದ ವಿವರಣೆಯೊಂದನ್ನು ಬೆಳೆಸಿದರು. ಲೋಹವಾದ ಜಲಜನಕದೊಡನೆ ಹೀಲಿಯಂ ಸರಿಯಾಗಿ ಬೆರೆಯದು. ಎಣ್ಣೆ-ನೀರಿನಂತೆ ಬೇರ್ಪಟ್ಟು ಹನಿಗಳಾಗಿ ಆಳಕ್ಕೆ ಸುರಿಯುತ್ತದೆ. ಸುರಿಯುವ ಮಳೆಯ ಪತನಶಕ್ತಿ ಶಾಖವಾಗುತ್ತದೆ. ಗುರುವಿನಲ್ಲಿಯೂ ಈ ಮಳೆ ಸ್ವಲ್ಪಮಟ್ಟಿಗೆ ಉಂಟೆಂಬುದಕ್ಕೆ ೧೯೯೫ರ ಡಿಸೆಂಬರ್ ೭ರಂದು ಅದರ ವಾಯುಮಂಡಲಕ್ಕೆ ಧುಮುಕಿದ ಗೆಲಿಲಿಯೊ ಶೋಧಕವು ಸಾಕ್ಷ್ಯ ನೀಡಿತು. ಅದು ಒಂದು ಗಂಟೆ ಕೂಡ ಬದುಕಲಿಲ್ಲ. ಆದರೂ ಹೀಲಿಯಂ ಇರಬೇಕಾದ್ದಕ್ಕಿಂತ ಕಡಿಮೆಯಿದೆಯೆಂದೂ, ಹೀಲಿಯಂ ಹನಿಗಳಲ್ಲಿ ಕರಗಬಲ್ಲ ನಿಯಾನ್ ಸೂರ್ಯನಲ್ಲಿರುವುದರ ಹತ್ತರಲ್ಲೊಂದು ಪಾಲು ಮಾತ್ರವೆಂದೂ ಅಳೆದು ತಿಳಿಸಿತು.

ಎರಡನೆಯ ತೊಡಕು ಇನ್ನೂ ದೊಡ್ಡದು. ಗುರುವಿನ ನಡುವೆ ಕಲ್ಲು-ಮಂಜಿನ ಗಟ್ಟಿಯಾದ ತಿರುಳು, ಅದರ ಸುತ್ತ ಜಲಜನಕ, ಹೀಗೆ ಈರುಳ್ಳಿಯ ಪೊರೆಗಳಂತೆ ಬಿಡಿಸಿದ ಚಿತ್ರವನ್ನು ಓದುಗರು ಎಲ್ಲಿಯಾದರೂ ಕಂಡಿರುತ್ತಾರೆ. ೨೦೧೬ರ ಜುಲೈಯಲ್ಲಿ ಗುರುವನ್ನು ಸುತ್ತತೊಡಗಿದ ಜೂನೋ ನೌಕೆಯು ಆ ಚಿತ್ರವನ್ನು ಅಳಿಸಿಹಾಕಿತು. ರೈಲು ನಮ್ಮತ್ತ ಬರುವಾಗ ಮತ್ತು ದೂರವಾಗುವಾಗ ಅದರ ಸಿಳ್ಳಿನ ಸ್ಥಾಯಿ ಬದಲಾಗುವುದಷ್ಟೆ. ಅದೇ ರೀತಿ ನೌಕೆಯ ರೇಡಿಯೋ ಅಲೆಗಳ ಬದಲಾವಣೆಯಿಂದ ಅದರ ವೇಗವನ್ನೂ, ವೇಗದಿಂದ ಗ್ರಹದ ಗುರುತ್ವದ ಏರುತಗ್ಗುಗಳನ್ನೂ, ಅವುಗಳಿಂದ ಒಳಗಿನ ದ್ರವ್ಯದ ಹಂಚಿಕೆಯನ್ನೂ ಲೆಕ್ಕಹಾಕಿದರು. ೨೦೧೭ರಲ್ಲಿ ಪ್ರಕಟವಾದ ಉತ್ತರ: ತಿರುಳಿಗೆ ಸ್ಪಷ್ಟವಾದ ಅಂಚಿಲ್ಲ. ಭಾರವಾದ ದ್ರವ್ಯಗಳು ಜಲಜನಕದಲ್ಲಿ ಕದಡಿ, ಗ್ರಹದ ಬಹುಭಾಗಕ್ಕೆ ಹರಡಿ, ಮೇಲೆ ಬಂದಂತೆ ತೆಳುವಾಗುತ್ತ ಹೋಗುತ್ತವೆ. ಶನಿಯಲ್ಲಿಯೂ ಹೀಗೆಯೇ ಎಂದು ಅದರ ಉಂಗುರಗಳಲ್ಲೇಳುವ ಅಲೆಗಳನ್ನು ಪರೀಕ್ಷಿಸಿ ೨೦೨೧ರಲ್ಲಿ ಕಂಡುಕೊಂಡರು.

ಇದರಿಂದ ಶಾಖಕ್ಕೇನಾಯಿತೆಂದು ಕೇಳಬಹುದು. ಇಲ್ಲಿ ನಮ್ಮ ನಾಡಿನಲ್ಲಿಯೇ ನಡೆದ ಪ್ರಯೋಗವೊಂದು ನೆರವಿಗೆ ಬರುತ್ತದೆ. ೧೯೮೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಜೆ. ಶ್ರೀನಿವಾಸನ್ ಮತ್ತು ಸಂಗಡಿಗರು ಒಂದು ಸೌರಕೊಳವನ್ನು ಅಭ್ಯಸಿಸಿದರು. ಸಾಮಾನ್ಯ ಕೆರೆಯಲ್ಲಿ ಬಿಸಿಲಿಗೆ ಕಾದ ಕೆಳಗಿನ ನೀರು ಮೇಲೆದ್ದು ಶಾಖವನ್ನು ಗಾಳಿಗೆ ಕೊಟ್ಟುಬಿಡುತ್ತದೆ. ಸೌರಕೊಳದ ತಳದಲ್ಲಾದರೋ ದಟ್ಟವಾದ ಉಪ್ಪುನೀರು. ಮೇಲೇರಿದಂತೆ ಉಪ್ಪು ಕಡಿಮೆ. ಕಾದರೂ ತಳದ ನೀರು ಉಪ್ಪಿನ ಭಾರದಿಂದ ಮೇಲೇಳಲಾರದು. ನಡುವಿನ ಪದರದಲ್ಲಿ ಸಂವಹನ ನಿಂತು ಶಾಖವು ವಹನದ ಕಿರುದಾರಿಯನ್ನೇ ಹಿಡಿಯಬೇಕಾಗುತ್ತದೆ. ತಳದ ನೀರು ಕೈಯಿಡಲಾರದಷ್ಟು ಬಿಸಿಯಾದರೂ ಮೇಲಿನ ನೀರು ತಣ್ಣಗಿರುತ್ತದೆ. ಗಾಜಿನ ಬೀಕರಿನ ತಳದಲ್ಲಿ ದಟ್ಟವಾದ ಬೆಲ್ಲದ ಪಾಕವನ್ನಿಟ್ಟು, ಕದಡದಂತೆ ಮೇಲೆ ನೀರು ಸುರಿದು, ಬಹಳ ಸಣ್ಣ ಉರಿಯಲ್ಲಿ ಕಾಯಿಸಿ, ಎರಡು ಉಷ್ಣಮಾಪಕಗಳಿಂದ ವಿದ್ಯಾರ್ಥಿಗಳು ಇದನ್ನು ಅಳೆದು ನೋಡಬಹುದು.

ಗುರುವಿನಲ್ಲಿಯೂ ಶನಿಯಲ್ಲಿಯೂ ಕದಡಿದ ತಿರುಳು ಉಪ್ಪಿನ ಕೆಲಸವನ್ನು ಮಾಡುತ್ತದೆ. ಶನಿಯು ಮಂಕಾಗದಿರುವುದಕ್ಕೆ ಇದೇ ಕಾರಣವಾಗಬಹುದೆಂದು ಫ್ರಾನ್ಸಿನ ಲೆಕೋಂತ್ ಮತ್ತು ಶಾಬ್ರಿಯೇ ೨೦೧೩ರಲ್ಲಿ ತೋರಿಸಿದರು: ಒಳಗೆ ಸಿಲುಕಿದ ಶಾಖ ತಡವಾಗಿ ಸೋರುತ್ತದೆ, ಆದ್ದರಿಂದ ಗ್ರಹವು ನಿಧಾನವಾಗಿ ತಣಿಯುತ್ತದೆ. ಹೀಲಿಯಂ ಮಳೆಯೋ, ಪದರಗಳ ತಡೆಯೋ? ಎರಡೂ ಕೂಡಿರಬೇಕೆಂದು ನಮಗೆ ತೋರುತ್ತದೆ; ಎಷ್ಟೆಷ್ಟು ಪಾಲೆಂಬುದೇ ಈಗಿನ ವಿವಾದ.

ಯುರೇನಸ್ಸಿನಲ್ಲಿ ಈ ತಡೆಯು ಅತಿಗೆ ಹೋದಂತಿದೆ. ಅದರ ಉಂಗುರಗಳು ನಕ್ಷತ್ರವೊಂದನ್ನು ಮರೆಮಾಡಿದ್ದನ್ನು ೧೯೭೭ರ ಮಾರ್ಚ್ ೧೦ರಂದು ಕಾವಲೂರಿನಿಂದ ಕಂಡು ದಾಖಲಿಸಿದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಇದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಗಾತ್ರದಲ್ಲಿ ಅದರ ಜೊತೆಗಾರನಾದ ನೆಪ್ಚೂನ್, ಸೂರ್ಯನಿಂದ ಪಡೆಯುವುದರ ಎರಡೂವರೆ ಪಟ್ಟಿಗೂ ಹೆಚ್ಚು ಶಾಖವನ್ನು ಹೊಮ್ಮಿಸುತ್ತದೆ. ಯುರೇನಸ್ಸಿನದು ಕೃಪಣನ ಕೈ. ವಾಯೇಜರ್-೨ರ ಅಳತೆಯಲ್ಲಿ ಅದರ ಸ್ವಂತ ಶಾಖ ಇದೆಯೋ ಇಲ್ಲವೋ ಎಂಬಷ್ಟು ಕಡಿಮೆಯಿತ್ತು. ೨೦೨೫ರಲ್ಲಿ ಪ್ರಕಟವಾದ ಹೊಸ ಲೆಕ್ಕಗಳು, ಪಡೆಯುವುದಕ್ಕಿಂತ ಶೇಕಡ ೧೨ರಿಂದ ೧೫ರಷ್ಟು ಹೆಚ್ಚಾಗಿ ಕೊಡುತ್ತದೆಂದು ತಿದ್ದಿವೆ. ಒಳಗೆ ಶಾಖವು ಪದರಗಳ ಕೆಳಗೆ ಬಂದಿಯಾಗಿದೆಯೇ, ಅಥವಾ ಹಿಂದೆಂದೋ ಆದ ಭಾರಿ ಡಿಕ್ಕಿಯೊಂದರಲ್ಲಿ ಕಲಕಿಹೋಗಿ ಆಗಲೇ ಸೋರಿಹೋಯಿತೇ? ಗುರುವಿನ ಮಟ್ಟಿಗೆ ಜೂನೋ ಮಾಡಿದಂತೆ, ಗ್ರಹವನ್ನು ಬಳಸಿ ಸುತ್ತುತ್ತ ಅದರ ಗುರುತ್ವವನ್ನು ಅಳೆದರೆ ತಿಳಿದೀತು. ವಾಯೇಜರ್-೨ ಅಲ್ಲಿ ಹಾದುಹೋದದ್ದು ೧೯೮೬ರ ಜನವರಿ ೨೪ರಂದು. ಅಂದಿನಿಂದ ಬೇರಾವ ನೌಕೆಯೂ ಯುರೇನಸ್ಸಿನ ಬಳಿ ಸುಳಿದಿಲ್ಲ.