ಪುತ್ತೂರು ಕಟ್ಟು ಹಾಕಿಸಿದರೆ ಎಕ್ಸ್‌ರೇ ಬೇಡವೇ? ಮೂಳೆ ಕಟ್ಟಿನ ನಿಜ ತಿಳಿಯಿರಿ

ಹೇಳಿಕೆ: "ಮೂಳೆ ಮುರಿದರೆ ಎಕ್ಸ್‌ರೇ ಬೇಡ, ಆಪರೇಷನ್ ಬೇಡ, ಮೂರು ಕಟ್ಟು ಸಾಕು." ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಯಾರಾದರೂ ಬೈಕಿನಿಂದಲೋ ಮಾವಿನ ಮರದಿಂದಲೋ ಬಿದ್ದರೆ ಇಂಥ ಸಲಹೆ ಮೊದಲು ಬರುತ್ತದೆ.

ಸತ್ಯಾಂಶ: ಇದು ಅರ್ಧ ಸತ್ಯ.

ಕಟ್ಟಿನಿಂದ ಮೂಳೆ ಕೂಡುತ್ತದೆಯೇ?

ಆಂಧ್ರದ ಪುತ್ತೂರಿನಿಂದ (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ) ಹೆಸರಾದ ಈ ಕಟ್ಟಿನಲ್ಲಿ ಸೊಪ್ಪಿನ ರಸ, ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಾರೆ. ಮೂಳೆಯನ್ನು ಕೂಡಿಸುವುದು ಸೊಪ್ಪಲ್ಲ, ನಮ್ಮ ದೇಹವೇ. ಮುರಿದಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವು ವಾರಗಳಲ್ಲಿ ಮೆತ್ತನೆಯ ಬೆಸುಗೆ ಬೆಳೆದು, ಅದೇ ನಿಧಾನವಾಗಿ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಮೂಳೆ ಅಲುಗಾಡದಂತೆ ಹಿಡಿಯುವುದಷ್ಟೇ ದಬ್ಬೆಯ ಕೆಲಸ, ಪ್ಲಾಸ್ಟರ್‌ನ ಕೆಲಸವೂ ಅದೇ. ಹಾಗಾಗಿ ಮೂಳೆ ಜರುಗದೆ ಬರೀ ಬಿರುಕು ಬಿಟ್ಟಿದ್ದರೆ ಕಟ್ಟಿನಲ್ಲೂ ವಾಸಿಯಾಗುತ್ತದೆ. ಜರುಗಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಕೈಯಿಂದ ಮುಟ್ಟಿ ಖಚಿತವಾಗಿ ಹೇಳಲಾಗದು.

ಚೀನಾದಲ್ಲೂ ಮೂಳೆ ಕಟ್ಟುವ ಹಳೆಯ ಪದ್ಧತಿಯಿದೆ. 1960ರ ದಶಕದ ಹೊತ್ತಿಗೆ ತಿಯಾಂಜಿನ್ ಆಸ್ಪತ್ರೆಯ ವೈದ್ಯರು ಅದನ್ನು ಒಳಗೆ ಕರೆದುಕೊಂಡರು: ಕಟ್ಟುವುದು ಸಣ್ಣ ಮರದ ಪಟ್ಟಿಗಳಿಂದಲೇ, ಆದರೆ ಎಕ್ಸ್‌ರೇ ನೋಡಿಕೊಂಡು.

ಅಪಾಯ ಎಲ್ಲಿದೆ?

ಮುರಿದ ಜಾಗ ಊದಿಕೊಳ್ಳುತ್ತದೆ. ಮೇಲೆ ಬಿಗಿಯಾದ ಕಟ್ಟಿದ್ದರೆ ರಕ್ತ ಸಂಚಾರ ನಿಲ್ಲಬಹುದು. ಸುಮಾರು 6 ಗಂಟೆ ರಕ್ತ ಸಿಗದಿದ್ದರೆ ಸ್ನಾಯು ಸಾಯತೊಡಗುತ್ತದೆ. ಮೊಣಕೈ ಹತ್ತಿರ ಮುರಿದ ಮಕ್ಕಳಲ್ಲಿ ಬೆರಳುಗಳು ಶಾಶ್ವತವಾಗಿ ಮುದುಡಿಕೊಳ್ಳಬಹುದು. ಇದನ್ನು ಜರ್ಮನಿಯ ವೈದ್ಯ ಫೋಕ್‌ಮನ್ 1881ರಲ್ಲೇ ವಿವರಿಸಿದ್ದರು. ಕೊಳೆತರೆ ಕೈ ಕತ್ತರಿಸಬೇಕಾದೀತು. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಅಪಾಯ ಇದೇ.

ಏನು ಮಾಡಬೇಕು?

• ಉಜ್ಜಬೇಡಿ, ಎಳೆಯಬೇಡಿ. ರಟ್ಟು ಅಥವಾ ಸ್ಕೇಲ್ ಇಟ್ಟು ಸಡಿಲವಾಗಿ ಕಟ್ಟಿ, ಎಕ್ಸ್‌ರೇ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ.
• ಮೂಳೆ ಹೊರಗೆ ಕಂಡರೆ, ಗಾಯವಿದ್ದರೆ, ತೊಡೆ ಅಥವಾ ಬೆನ್ನಿಗೆ ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಿ.
• ಕಟ್ಟಿದ ಮೇಲೆ ನೋವು ಹೆಚ್ಚುತ್ತಲೇ ಹೋದರೆ, ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಬಿಳುಚಿದರೆ ಅಥವಾ ನೀಲಿಯಾದರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ ಕಟ್ಟು ಸಡಿಲಿಸಿ ಆಸ್ಪತ್ರೆಗೆ ಓಡಿ.

ಖರ್ಚಿನ ಭಯದಿಂದಲೇ ಹಲವರು ಕಟ್ಟಿನ ಮೊರೆ ಹೋಗುತ್ತಾರೆ ಎಂಬುದು ನಮಗೂ ಗೊತ್ತು. ಬಿಪಿಎಲ್ ಕಾರ್ಡ್ ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಕೇಳಿ.

ನಮ್ಮ ತೀರ್ಮಾನ: "ಎಕ್ಸ್‌ರೇ ಬೇಡ" ಎಂಬ ಸಲಹೆ ತಪ್ಪು, ಅಪಾಯಕಾರಿ. ಅದನ್ನು ಬಿಟ್ಟು ಬೆರಳಿನ ಲಕ್ಷಣಗಳ ಈ ಪಟ್ಟಿಯನ್ನು ಫಾರ್ವರ್ಡ್ ಮಾಡಿ. ಒಂದು ಮಗುವಿನ ಕೈ ಉಳಿದೀತು.